ನಾಲ್ಕೂ ಇಸಿಸಿ, ಆದರೂ ಸರ್ವರ್ ಏಳಲಿಲ್ಲ: ಒಂದು ಶಾಲೆಯ ಮೆಮೊರಿ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಗುಡ್ಡದ ಮೇಲೊಂದು ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆ ಇದೆ. ಕನ್ನಡ ಮಾಧ್ಯಮ. ಅಲ್ಲಿನ ಲ್ಯಾಬ್‌ನಲ್ಲಿ 16 ಕಂಪ್ಯೂಟರ್‌ಗಳಿವೆ, ಆದರೆ ಒಂದಕ್ಕೂ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲವೂ ಮೂಲೆಯಲ್ಲಿರುವ ಒಂದು ಹಳೆ ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಬೂಟ್ ಆಗುತ್ತವೆ. ಎಲ್‌ಟಿಎಸ್‌ಪಿ ಅನ್ನುವ ಲಿನಕ್ಸ್ ವ್ಯವಸ್ಥೆ, ಅದರ ಹಳೆ ತಿನ್ ಕ್ಲೈಂಟ್ ರೀತಿ. ಮಗು ಕೂತದ್ದು ತನ್ನ ಮಾನಿಟರ್ ಮುಂದೆ. ಅದು ತೆರೆದ ಬ್ರೌಸರ್, ಲಿಬ್ರೆ ಆಫೀಸ್ ಎಲ್ಲ ಓಡುವುದು ಸರ್ವರ್‌ನಲ್ಲಿ. ಹಾಗಾಗಿ 16 ಮಕ್ಕಳ ಭಾರ ಒಂದೇ ಯಂತ್ರದ ಮೆಮೊರಿಯ ಮೇಲೆ ಬೀಳುತ್ತದೆ.

ಆ ಸರ್ವರ್ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ತಮ್ಮ ಆಫೀಸಿನಿಂದ ಕೊಡಿಸಿದ್ದು. ದೊಡ್ಡ ಟವರ್. ಎರಡು ಪ್ರೊಸೆಸರ್‌ಗೆ ಜಾಗ, ಆದರೆ ಕೂತದ್ದು ಒಂದೇ: ಇಂಟೆಲ್ ಜಿಯಾನ್ ಇ5620. 2010ರ ಪ್ರೊಸೆಸರ್ ಅದು. ಮೆಮೊರಿ ಸ್ಲಾಟ್ 12. ಮೊದಲ ಪ್ರೊಸೆಸರ್‌ನ ಬದಿಗೆ ಎ1ರಿಂದ ಎ6, ಎರಡನೆಯದರ ಬದಿಗೆ ಬಿ1ರಿಂದ ಬಿ6. ಬರುವಾಗ ಎ1, ಎ2, ಎ3ರಲ್ಲಿ 2 ಜಿಬಿಯ ಮೂರು ರ‍್ಯಾಮ್ ಇದ್ದವು. ಒಟ್ಟು 6 ಜಿಬಿ. ಶಾಲೆಗೆ ಬಂದ ಮೇಲೆ ಒಂದು ಮಳೆಗಾಲ ಪೂರ್ತಿ ಅದು ಸ್ಟೋರ್ ರೂಮಿನಲ್ಲಿ ಸೈಡ್ ಪ್ಯಾನೆಲ್ ಇಲ್ಲದೆ ಕೂತಿತ್ತು. ಈ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಅದು ಮುಖ್ಯ ಅಂತ ಗೊತ್ತಾದದ್ದು ಕೊನೆಯಲ್ಲಿ.

ದೂರು ಹೀಗಿತ್ತು. ಆರನೇ ಕ್ಲಾಸಿನ ಮಕ್ಕಳು ತಮ್ಮ ಕೈಬರಹದ ಪತ್ರಿಕೆಯನ್ನು ಟೈಪ್ ಮಾಡಲು ಕೂರುತ್ತಾರೆ. ಆರೇಳು ಮಕ್ಕಳು ಲಾಗಿನ್ ಆಗುವ ತನಕ ಏನೂ ತೊಂದರೆ ಇಲ್ಲ. ಎಂಟನೆಯ ಮಗು ಬಂದ ಕೂಡಲೇ ಎಲ್ಲರ ಮೌಸ್ ಒಟ್ಟಿಗೆ ನಿಲ್ಲುತ್ತದೆ. ಲ್ಯಾಬ್ ನೋಡಿಕೊಳ್ಳುವ ಮಾಷ್ಟ್ರು ನನಗೆ ಫೋನ್ ಮಾಡಿದರು.

"ಮಕ್ಕಳು ಒಂದು ಸಾಲು ಟೈಪ್ ಮಾಡ್ತಾರೆ, ಅಕ್ಷರ ಸ್ಕ್ರೀನಿಗೆ ಬರುವಾಗ ಬೆಲ್ ಆಗ್ತದೆ ಮಾರಾಯ್ರೇ. ರ‍್ಯಾಮ್ ಹಾಕಿದ್ರೆ ಸರಿ ಆಗ್ತದಾ?"

ಆಗ್ತದೆ ಅಂತ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಶಾಲೆಯ ದುಡ್ಡು ರಕ್ಷಕ-ಶಿಕ್ಷಕ ಸಂಘದವರು ಐವತ್ತು, ನೂರು ಅಂತ ಕೂಡಿಸಿದ್ದು. ಸುಮ್ನೆ ಊಹೆಯ ಮೇಲೆ ಖರ್ಚು ಮಾಡಿಸಲು ಮನಸ್ಸು ಬರಲಿಲ್ಲ. ಮರುದಿನ ಹೋಗಿ, ಮಕ್ಕಳು ಕೂತಿರುವಾಗಲೇ ಸರ್ವರ್‌ನಲ್ಲಿ ಮೆಮೊರಿಯ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಅನ್ನುವ ಕಮಾಂಡ್ ಓಡಿಸಿ ಅರ್ಧ ಗಂಟೆ ನೋಡಿದೆ. ಅದರಲ್ಲಿ ಎಸ್‌ಒ, ಎಸ್‌ಐ ಅಂತ ಎರಡು ಕಾಲಂ ಇವೆ. ಮೆಮೊರಿಯಲ್ಲಿ ಜಾಗ ಸಾಲದೆ ಹಾರ್ಡ್ ಡಿಸ್ಕ್‌ಗೆ ತಳ್ಳಿದ್ದು ಎಷ್ಟು, ಅಲ್ಲಿಂದ ವಾಪಸ್ ತಂದದ್ದು ಎಷ್ಟು ಅಂತ ಅವು ತೋರಿಸುತ್ತವೆ. ಏಳು ಮಕ್ಕಳ ತನಕ ಎರಡೂ ಸೊನ್ನೆ. ಎಂಟನೆಯ ಮಗು ಬಂದಾಗ ಎರಡರಲ್ಲೂ ದೊಡ್ಡ ಸಂಖ್ಯೆಗಳು ಸಾಲಾಗಿ ಬಂದವು. ಪ್ರೊಸೆಸರ್ ಮಾತ್ರ ಮುಕ್ಕಾಲು ಪಾಲು ಸುಮ್ಮನಿತ್ತು. ನೆಟ್‌ವರ್ಕ್ ಸ್ವಿಚ್ಚಿನಲ್ಲೂ ತೊಂದರೆ ಕಾಣಲಿಲ್ಲ. ಕೊರತೆ ಮೆಮೊರಿಯದ್ದೇ ಅನ್ನುವುದು ಖಾತ್ರಿಯಾಯಿತು.

4 ಜಿಬಿಯ ನಾಲ್ಕು ರ‍್ಯಾಮ್ ತರಿಸುವುದು ಅಂತ ತೀರ್ಮಾನ ಮಾಡಿದೆವು. ಹಳೆಯದರಲ್ಲಿ ಎರಡನ್ನು ಉಳಿಸಿಕೊಂಡರೆ ಆರು ಸ್ಲಾಟ್ ತುಂಬಿ 20 ಜಿಬಿ ಆಗುತ್ತದೆ. ಈ ಕಾಲದ ಸರ್ವರ್ ರ‍್ಯಾಮ್ ಹೊಸತು ಸಿಗುವುದು ಕಷ್ಟ. ಬಳಸಿದ ಬಿಡಿಭಾಗ ಮಾರುವ ಒಂದು ಅಂಗಡಿಗೆ ಫೋನ್ ಮಾಡಿ ಮಲಯಾಳದಲ್ಲಿ ಹೇಳಿದೆ: 4 ಜಿಬಿ, ಡಿಡಿಆರ್3, ಇಸಿಸಿ, ಸರ್ವರ್ ರ‍್ಯಾಮ್, ನಾಲ್ಕು ಬೇಕು. ಡಿಡಿಆರ್3 ಅನ್ನುವುದು ಮೆಮೊರಿಯ ತಲೆಮಾರು, ಇಸಿಸಿ ಅಂದರೆ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ. ನನ್ನ ತಪ್ಪು ಇಲ್ಲೇ ಆಯಿತು. ಈ ನಾಲ್ಕು ಮಾತಿಗೆ ಹೊಂದುವ ರ‍್ಯಾಮ್ ಒಂದಕ್ಕಿಂತ ಜಾಸ್ತಿ ಜಾತಿಯವು ಇವೆ. ಅವು ಒಂದಕ್ಕೊಂದು ಕೂಡಿ ಬರುವುದಿಲ್ಲ.

ಪಾರ್ಸೆಲ್ ಬಂತು. ಹಳೆಯದರಲ್ಲಿ ಎರಡನ್ನೇ ಉಳಿಸುವ ಲೆಕ್ಕ ಸದ್ಯಕ್ಕೆ ಬಿಟ್ಟು, ಎ1ರಿಂದ ಎ3ರ ತನಕ ಹಳೆಯವು ಇದ್ದಲ್ಲೇ ಇರಲಿ ಅಂತ, ಹೊಸತನ್ನು ಎ4, ಎ5, ಎ6ರಲ್ಲಿ ಹಾಕಿ, ಉಳಿದ ಒಂದನ್ನು ಬಿ1ಕ್ಕೆ ಒತ್ತಿದೆ. ನಾಲ್ಕೂ ಸಲೀಸಾಗಿ ಕೂತವು, ಕ್ಲಿಪ್‌ಗಳು ಟಕ್ ಅಂದವು. ಸ್ವಿಚ್ ಹಾಕಿದೆ. ಫ್ಯಾನುಗಳು ಪೂರ್ತಿ ವೇಗದಲ್ಲಿ ಕೂಗಿದವು. ಮಾನಿಟರ್ ಕಪ್ಪು. ಮುಂಭಾಗದ ದೀಪ ನೀಲಿಯಿಂದ ಹಳದಿಗೆ ತಿರುಗಿ ಮಿನುಗತೊಡಗಿತು. ಬಾಗಿಲಲ್ಲಿ ನಿಂತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕರೆಂಟ್ ತೆಗೆದು, ವೈರ್ ಬಿಚ್ಚಿ, ಹೊಸ ನಾಲ್ಕನ್ನೂ ಹೊರಗೆ ತೆಗೆದೆ. ಹಳೆ ಮೂರರಲ್ಲಿ ಸರ್ವರ್ ಮೊದಲಿನಂತೆಯೇ ಎದ್ದಿತು. ಬೋರ್ಡ್ ಸುಟ್ಟಿಲ್ಲ ಅಂತ ಜೀವಕ್ಕೆ ಸಮಾಧಾನ ಆಯಿತು. ಆಮೇಲೆ ಹಳೆಯದನ್ನೂ ತೆಗೆದು, ಹೊಸ ರ‍್ಯಾಮನ್ನು ಒಂದೊಂದಾಗಿ ಎ1ರಲ್ಲಿ ಮಾತ್ರ ಹಾಕಿ ನೋಡಿದೆ. ನಾಲ್ಕೂ ಒಂಟಿಯಾಗಿ ಬೂಟ್ ಆದವು! ಪ್ರತಿಯೊಂದೂ 4 ಜಿಬಿ ಅಂತ ತೋರಿಸಿತು.

ಹೀಗಾದಾಗ ತಲೆ ಕೆಡುತ್ತದೆ. ಒಂದೂ ಹಾಳಾಗಿಲ್ಲ, ಬೋರ್ಡೂ ಸರಿ ಇದೆ, ಒಟ್ಟಿಗೆ ಹಾಕಿದರೆ ಮಾತ್ರ ಏಳುವುದಿಲ್ಲ. ಬಿಡಿಯಾಗಿ ಎಲ್ಲ ಸರಿ, ಕೂಡಿಸಿದರೆ ಕೆಡುತ್ತದೆ ಅಂದರೆ ನೋಡಬೇಕಾದದ್ದು ಹೊಂದಾಣಿಕೆಯನ್ನು. ನಾಲ್ಕನ್ನೂ ಮಾಷ್ಟ್ರ ಮೇಜಿನ ಮೇಲೆ ಸಾಲಾಗಿ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಲೇಬಲ್ ಓದಿದೆ. ಇದನ್ನು ಪಾರ್ಸೆಲ್ ಬಿಚ್ಚಿದ ಕೂಡಲೇ ಮಾಡಬೇಕಿತ್ತು.

ಎರಡರ ಮೇಲೆ ಹೀಗಿತ್ತು: 4 ಜಿಬಿ 2ಆರ್‌ಎಕ್ಸ್4 ಪಿಸಿ3-10600ಆರ್. ಇನ್ನೆರಡರ ಮೇಲೆ: 4 ಜಿಬಿ 2ಆರ್‌ಎಕ್ಸ್8 ಪಿಸಿ3-10600ಇ.

ಕೊನೆಯ ಅಕ್ಷರ ನೋಡಿ. ಒಂದು ಜೋಡಿಗೆ 'ಆರ್', ಇನ್ನೊಂದಕ್ಕೆ 'ಇ'. ಇಡೀ ಪ್ರಕರಣ ಈ ಒಂದು ಅಕ್ಷರದಲ್ಲಿತ್ತು.

ಲೇಬಲ್ ಓದುವುದು ಕಷ್ಟ ಏನಲ್ಲ. 2ಆರ್ ಅಂದರೆ ಎರಡು ರ‍್ಯಾಂಕ್, ಅಂದರೆ ಒಂದೇ ಪಟ್ಟಿಯ ಮೇಲೆ ಎರಡು ತಂಡ ಚಿಪ್‌ಗಳು. ಎಕ್ಸ್4, ಎಕ್ಸ್8 ಅನ್ನುವುದು ಒಂದೊಂದು ಚಿಪ್ ಸಲಕ್ಕೆ ಎಷ್ಟು ಬಿಟ್ ಕೊಡುತ್ತದೆ ಅನ್ನುವ ಲೆಕ್ಕ. ಪಿಸಿ3 ಅಂದರೆ ಡಿಡಿಆರ್3. 10600 ಅನ್ನುವುದು ವೇಗ: ಡಿಡಿಆರ್3-1333ರಲ್ಲಿ ಸೆಕೆಂಡಿಗೆ 133 ಕೋಟಿ ಸಲ, ಸಲಕ್ಕೆ 8 ಬೈಟ್, ಸುಮಾರು 10,600 ಮೆಗಾಬೈಟ್. ಕೊನೆಯ 'ಆರ್' ಅಂದರೆ ರಿಜಿಸ್ಟರ್ಡ್. 'ಇ' ಅಂದರೆ ಇಸಿಸಿ ಇದೆ, ಆದರೆ ರಿಜಿಸ್ಟರ್ ಇಲ್ಲ. 'ಯು' ಅಂತ ಇದ್ದರೆ ಅದು ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್, ಇಸಿಸಿಯೂ ಇಲ್ಲ. 'ಆರ್' ಜಾತಿಯಲ್ಲೂ ಇಸಿಸಿ ಇರುತ್ತದೆ. ಹಾಗಾಗಿ ನಾನು ಇಸಿಸಿ ಕೇಳಿದೆ, ಅಂಗಡಿಯವರು ಇಸಿಸಿಯೇ ಕೊಟ್ಟರು. ಅವರನ್ನು ದೂರುವಂತಿಲ್ಲ.

ಲೇಬಲ್ ಹರಿದು ಹೋಗಿದ್ದರೂ ಗುರುತು ಹಿಡಿಯಬಹುದು. ರಿಜಿಸ್ಟರ್ಡ್ ರ‍್ಯಾಮಿನ ಮಧ್ಯದಲ್ಲಿ, ಉಳಿದ ಚಿಪ್‌ಗಳಿಗಿಂತ ಬೇರೆ ಆಕಾರದ ಒಂದು ಚಿಪ್ ಇರುತ್ತದೆ. ಅದೇ ರಿಜಿಸ್ಟರ್. ಮಾಷ್ಟ್ರಿಗೆ ತೋರಿಸಿದೆ. ಅವರು ಬೆರಳಿನಲ್ಲಿ ಮುಟ್ಟದೆ, ಪೆನ್ಸಿಲ್ ತುದಿಯಲ್ಲಿ ಎರಡೂ ಜೋಡಿಯನ್ನು ಹೋಲಿಸಿ ನೋಡಿದರು.

"ಸರಿ, ಇದು ಬೇರೆ ಅದು ಬೇರೆ. ಆದರೆ ಸ್ಲಾಟಿಗೆ ಎರಡೂ ಹೋಗ್ತದಲ್ಲ?"

ನ್ಯಾಯವಾದ ಪ್ರಶ್ನೆ. ಡಿಡಿಆರ್3ರಲ್ಲಿ ಎರಡು ಜಾತಿಗೂ 240 ಪಿನ್, ಕೆಳಗಿನ ಕಚ್ಚೂ ಒಂದೇ ಜಾಗದಲ್ಲಿ. ಡಿಡಿಆರ್2ಕ್ಕೂ 240 ಪಿನ್ನೇ, ಆದರೆ ಕಚ್ಚು ಬೇರೆ ಕಡೆ, ಆದ್ದರಿಂದ ಅದು ಈ ಸ್ಲಾಟಿಗೆ ಕೂರುವುದೇ ಇಲ್ಲ. ಡಿಡಿಆರ್4ಕ್ಕೆ 288 ಪಿನ್. ಅಂದರೆ ತಲೆಮಾರು ತಪ್ಪಿದರೆ ಕಚ್ಚು ತಡೆಯುತ್ತದೆ. ಡಿಡಿಆರ್3ರೊಳಗೇ ಜಾತಿ ತಪ್ಪಿದರೆ ತಡೆಯಲು ಏನೂ ಇಲ್ಲ. ಕೂತಿತು ಅಂದರೆ ಹೊಂದಿತು ಅಂತ ಅರ್ಥ ಅಲ್ಲ.

ಯಾಕೆ ಹೊಂದುವುದಿಲ್ಲ ಅನ್ನುವುದನ್ನು ಅವರಿಗೆ ಭಜನೆಯ ಲೆಕ್ಕದಲ್ಲಿ ಹೇಳಿದೆ. ಪ್ರೊಸೆಸರ್ ಕಳಿಸುವ ಆದೇಶ, ವಿಳಾಸಗಳು 'ಇ' ಜಾತಿಯಲ್ಲಿ ನೇರವಾಗಿ ಎಲ್ಲ ಚಿಪ್‌ಗಳಿಗೆ ತಲುಪುತ್ತವೆ. 'ಆರ್' ಜಾತಿಯಲ್ಲಿ ಮಧ್ಯದ ರಿಜಿಸ್ಟರ್ ಅದನ್ನು ಮೊದಲು ಹಿಡಿದುಕೊಂಡು, ಒಂದು ತಾಳ ತಡೆದು, ಆಮೇಲೆ ಚಿಪ್‌ಗಳಿಗೆ ದಾಟಿಸುತ್ತದೆ. ಇದರಿಂದ ಪ್ರೊಸೆಸರ್‌ಗೆ ಹೊರೆ ಕಡಿಮೆ, ಹೆಚ್ಚು ರ‍್ಯಾಮ್ ಹಾಕಬಹುದು. ಆದರೆ ಭಜನೆಯಲ್ಲಿ ಅರ್ಧ ಜನ ಹೇಳಿಕೊಡುವವರ ಜೊತೆಗೇ ಹಾಡಿ, ಉಳಿದರ್ಧ ಜನ ಅವರು ಮುಗಿಸಿದ ಮೇಲೆ ಹಾಡಿದರೆ ಹೇಗಿರುತ್ತದೆ? ಪ್ರೊಸೆಸರ್ ಒಂದು ರೀತಿಯಲ್ಲಿ ತಾಳ ಹಿಡಿಯಬಲ್ಲದು, ಇಲ್ಲವೇ ಇನ್ನೊಂದು ರೀತಿಯಲ್ಲಿ. ಎರಡನ್ನೂ ಒಟ್ಟಿಗೆ ಆಗದು. ಅದಕ್ಕೇ ಅದು ಬೂಟ್ ಆಗದೆ ನಿಂತುಬಿಟ್ಟದ್ದು. ಒಂಟಿಯಾಗಿ ಹಾಕಿದಾಗ ಎರಡೂ ಜಾತಿ ನಡೆದದ್ದೂ ಇದೇ ಕಾರಣಕ್ಕೆ.

ಇನ್ನೊಂದು ತಪ್ಪೂ ಇಲ್ಲೇ ಗೊತ್ತಾಯಿತು. ಬಿ1ರಲ್ಲಿ ಹಾಕಿದ ರ‍್ಯಾಮ್, ಜಾತಿ ಸರಿ ಇದ್ದಿದ್ದರೂ ಕೆಲಸ ಮಾಡುತ್ತಿರಲಿಲ್ಲ. 2009ರ ಜಿಯಾನ್ 5500 ಸರಣಿಯಿಂದ ಮೆಮೊರಿ ಕಂಟ್ರೋಲರ್, ಅಂದರೆ ಮೆಮೊರಿಯ ಜೊತೆ ಮಾತಾಡುವ ಭಾಗ, ಪ್ರೊಸೆಸರ್ ಒಳಗೇ ಬಂದಿದೆ. ಅದಕ್ಕೂ ಹಿಂದಿನ 5400 ಸರಣಿಯಲ್ಲಿ ಅದು ಬೋರ್ಡಿನ ಚಿಪ್‌ಸೆಟ್‌ನಲ್ಲಿತ್ತು. ಇ5620 ಈಚಿನ 5600 ಸರಣಿಯದ್ದು. ಹಾಗಾಗಿ ಬಿ ಬದಿಯ ಆರು ಸ್ಲಾಟ್‌ಗಳ ವೈರಿಂಗ್ ಹೋಗಿ ಸೇರುವುದು ಎರಡನೇ ಪ್ರೊಸೆಸರ್‌ಗೆ. ಆ ಸಾಕೆಟ್ ಖಾಲಿ. ಕೇಳುವವರೇ ಇಲ್ಲದ ಮೇಲೆ ಅಲ್ಲಿ ಎಷ್ಟು ರ‍್ಯಾಮ್ ಇದ್ದರೇನು? ಸೆಕೆಂಡ್ ಹ್ಯಾಂಡ್ ಎರಡು ಸಾಕೆಟ್ ಸರ್ವರ್ ಕೊಂಡವರು ಇದನ್ನು ಮೊದಲು ನೋಡಿಕೊಳ್ಳಿ. ಒಳಗೆ ಒಂದೇ ಪ್ರೊಸೆಸರ್ ಇದ್ದರೆ ನಿಮಗೆ ಸಿಗುವುದು ಅರ್ಧ ಸ್ಲಾಟ್ ಮಾತ್ರ.

ಹಳೆ ಮೂರರ ಲೇಬಲ್ ನೋಡಿದೆ. ಮೂರೂ 'ಆರ್'. ಹಾಗಾದರೆ ಬದಲಾಯಿಸಬೇಕಾದದ್ದು 'ಇ' ಜೋಡಿಯನ್ನು. ಅಂಗಡಿಯವರು ಒಪ್ಪಿದರು. ಈ ಸಲ ನಾನು ಮಾತಿನಲ್ಲಿ ಹೇಳಲಿಲ್ಲ. ಇರುವ ರ‍್ಯಾಮಿನ ಲೇಬಲ್ ಫೋಟೋ ಕಳಿಸಿ, ನೀವು ಕಳಿಸುವ ಮುಂಚೆ ಅದರ ಫೋಟೋ ನನಗೆ ಕಳಿಸಿ ಅಂದೆ. ಒಳ್ಳೆಯದೇ ಆಯಿತು. ಮೊದಲು ಬಂದ ಫೋಟೋದಲ್ಲಿ 4ಆರ್‌ಎಕ್ಸ್8 ಪಿಸಿ3-8500ಆರ್ ಅಂತ ಇತ್ತು. ಕೊನೆಯ ಅಕ್ಷರ ಸರಿ, ಆದರೆ ನಾಲ್ಕು ರ‍್ಯಾಂಕ್. ನಾಲ್ಕು ರ‍್ಯಾಂಕಿನದು ಚಾನೆಲ್‌ಗೆ (ಪ್ರೊಸೆಸರ್‌ನಿಂದ ಸ್ಲಾಟಿಗೆ ಹೋಗುವ ದಾರಿಗೆ) ಹೊರೆ ಜಾಸ್ತಿ, ಬೇರೆಯವುಗಳ ಜೊತೆ ಹಾಕುವಾಗ ಅದನ್ನು ಯಾವ ಸ್ಲಾಟಿಗೆ ಹಾಕಬೇಕು ಅನ್ನುವ ನಿಯಮವೂ ಇರುತ್ತದೆ, ವೇಗವನ್ನೂ ಇಳಿಸಬೇಕಾಗಿ ಬರಬಹುದು. ಬೇಡ ಅಂದೆ. ಎರಡನೇ ಫೋಟೋದಲ್ಲಿ ಒಂದು ನಮ್ಮದರಂತೆಯೇ ಇತ್ತು, ಇನ್ನೊಂದರಲ್ಲಿ ಪಿಸಿ3ಎಲ್ ಅಂತ ಇತ್ತು. ಪಿಸಿ3ರ ಪಕ್ಕದ ಆ 'ಎಲ್' ಅಂದರೆ 1.35 ವೋಲ್ಟ್‌ನಲ್ಲೂ ನಡೆಯುವ ರ‍್ಯಾಮ್. ಮಾಮೂಲಿನದು 1.5 ವೋಲ್ಟ್. ಜೊತೆಗೆ ಹಾಕಿದರೆ ಎಲ್ಲವೂ 1.5ರಲ್ಲಿ ನಡೆಯುತ್ತವೆ. ತೊಂದರೆ ಇಲ್ಲ, ಕಳಿಸಿ ಅಂದೆ. (ಅದೇ 'ಎಲ್' ಕೊನೆಯಲ್ಲಿ, 'ಆರ್' ಇರುವ ಜಾಗದಲ್ಲಿ ಇದ್ದರೆ ಅದು ಎಲ್‌ಆರ್‌ಡಿಮ್ ಅನ್ನುವ ಮೂರನೇ ಜಾತಿ. ಅದನ್ನೂ 'ಆರ್' ಜೊತೆ ಬೆರೆಸುವಂತಿಲ್ಲ.)

ಎರಡನೇ ಪಾರ್ಸೆಲ್ ಬಂದ ದಿನ ಸರಿಯಾದ ಕ್ರಮದಲ್ಲೇ ಹಾಕಿದೆ. ಇ5620ಕ್ಕೆ ಮೂರು ಮೆಮೊರಿ ಚಾನೆಲ್. ಈ ಬೋರ್ಡಿನಲ್ಲಿ ಚಾನೆಲ್‌ಗೆ ಎರಡು ಸ್ಲಾಟ್. ಎ1 ಮತ್ತು ಎ4 ಒಂದೇ ಚಾನೆಲ್, ಎ2 ಮತ್ತು ಎ5 ಒಂದು, ಎ3 ಮತ್ತು ಎ6 ಒಂದು. ಮೊದಲ ಮೂರರಲ್ಲಿ ದೊಡ್ಡದನ್ನು ಹಾಕಿ, ಆಮೇಲೆ ಉಳಿದದ್ದು. ಎ1, ಎ2, ಎ3, ಎ4ರಲ್ಲಿ 4 ಜಿಬಿ. ಎ5, ಎ6ರಲ್ಲಿ ಹಳೆಯ 2 ಜಿಬಿ. ಒಟ್ಟು 20.

ಸ್ವಿಚ್ ಹಾಕಿದೆ. ಮೆಮೊರಿ ಬದಲಾಗಿದೆ, ಎಫ್1 ಒತ್ತಿ ಅಂತ ಕೇಳಿ ನಿಂತಿತು. ಅದು ಸಹಜ. ಮಾನಿಟರ್ ಇಲ್ಲದೆ ಮೂಲೆಯಲ್ಲಿ ಇಟ್ಟ ಸರ್ವರ್ ಆದರೆ ಸತ್ತೇಹೋಯಿತು ಅಂತ ಅನಿಸುತ್ತದೆ, ಆದ್ದರಿಂದ ರ‍್ಯಾಮ್ ಬದಲಿಸುವ ದಿನ ಮಾನಿಟರ್, ಕೀಬೋರ್ಡ್ ಜೋಡಿಸಿಯೇ ಇಡಿ. ಎಫ್1 ಒತ್ತಿದೆ. ಎದ್ದಿತು. ಆದರೆ 16 ಜಿಬಿ.

ನಾಲ್ಕು ಎಲ್ಲಿ ಹೋಯಿತು? ಡಿಎಂಐಡಿಕೋಡ್ ಓಡಿಸಿದರೆ ಪ್ರತಿ ಸ್ಲಾಟಿನಲ್ಲಿ ಏನಿದೆ ಅಂತ ಹೆಸರು ಹಿಡಿದು ಹೇಳುತ್ತದೆ. ಎ4 ಖಾಲಿ ಅಂತ ಬಂತು. ನನ್ನ ಕಣ್ಣೆದುರೇ ಅಲ್ಲಿ ರ‍್ಯಾಮ್ ಇದೆ! ಎ1 ಮತ್ತು ಎ4ರ ರ‍್ಯಾಮ್ ಅದಲು ಬದಲು ಮಾಡಿದೆ. ಮತ್ತೆ ಎ4 ಖಾಲಿ, ಮತ್ತೆ 16. ತೊಂದರೆ ರ‍್ಯಾಮಿನ ಜೊತೆ ಹೋಗಲಿಲ್ಲ, ಸ್ಲಾಟಿನಲ್ಲೇ ಉಳಿಯಿತು. ಆಗ ನೆನಪಾಯಿತು: ಮೊದಲ ದಿನ ನಾಲ್ಕು ರ‍್ಯಾಮನ್ನೂ ಒಂಟಿಯಾಗಿ ನೋಡಿದ್ದು ಎ1ರಲ್ಲಿ ಮಾತ್ರ. ರ‍್ಯಾಮನ್ನು ಪರೀಕ್ಷೆ ಮಾಡಿದ್ದೆ, ಸ್ಲಾಟನ್ನು ಮಾಡಿರಲಿಲ್ಲ.

ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಎ4ರ ಒಂದು ತುದಿಯಲ್ಲಿ, ಕ್ಲಿಪ್ಪಿನ ಬುಡದಲ್ಲಿ, ಕೆಂಪು ಮಣ್ಣಿನ ಒಂದು ಸಣ್ಣ ಗುಳ್ಳೆ. ಮಣ್ಣಿನ ಗೂಡು ಕಟ್ಟುವ ಕಣಜ, ನಮ್ಮ ಮನೆಗಳ ಪ್ಲಗ್ ತೂತು, ಬೀಗದ ಕಿಂಡಿ ಯಾವುದನ್ನೂ ಬಿಡುವುದಿಲ್ಲ ಅಲ್ವಾ, ಅದೇ. ಸ್ಟೋರ್ ರೂಮಿನಲ್ಲಿ ತೆರೆದಿಟ್ಟ ಮಳೆಗಾಲದಲ್ಲಿ ಕಟ್ಟಿರಬೇಕು. ಗೂಡಿನ ಮೇಲ್ಭಾಗ ಯಾರೋ ಧೂಳು ಹೊಡೆಯುವಾಗ ಉದುರಿತ್ತು. ಅದರ ಪುಡಿ ಸ್ಲಾಟಿನ ಗೀರಿನೊಳಗೆ, ಚಿನ್ನದ ಬಣ್ಣದ ಸಣ್ಣ ಸಣ್ಣ ಪಿನ್‌ಗಳ ನಡುವೆ, ಕುಂಕುಮ ಚೆಲ್ಲಿದ ಹಾಗೆ ಕೂತಿತ್ತು. ಗುಡ್ಡದ ಮುರಕಲ್ಲಿನ ಅದೇ ಕೆಂಪು. ಬುಡದಲ್ಲಿ ಉಳಿದ ಗಟ್ಟಿ ಮಣ್ಣು ರ‍್ಯಾಮಿನ ಆ ತುದಿಯನ್ನು ಕೂದಲೆಳೆಯಷ್ಟು ಮೇಲೆ ಎತ್ತಿ ಹಿಡಿದಿತ್ತು. ಕ್ಲಿಪ್ ಮುಚ್ಚಿದಂತೆ ಕಂಡರೂ ಪಕ್ಕದ ಸ್ಲಾಟಿನ ಕ್ಲಿಪ್ಪಿಗಿಂತ ಚೂರು ಹೊರಗೆ ವಾಲಿತ್ತು.

ಊದಬೇಡಿ ಅಂತ ಮಾಷ್ಟ್ರಿಗೆ ಹೇಳಿದೆ, ಅವರು ಆಗಲೇ ಬಗ್ಗಿದ್ದರು. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಹೋಗುತ್ತದೆ, ಪುಡಿ ಇನ್ನೂ ಆಳಕ್ಕೆ ಇಳಿಯುತ್ತದೆ. ಡ್ರಾಯಿಂಗ್ ಟೀಚರ್ ಹತ್ತಿರ ಹೊಸ, ಒಣ, ಮೆತ್ತಗಿನ ಬ್ರಶ್ ಸಿಕ್ಕಿತು. ಸರ್ವರನ್ನು ಅಡ್ಡ ಮಲಗಿಸಿ, ಸ್ಲಾಟಿನ ಬಾಯಿ ಕೆಳಗೆ ವಾಲುವ ಹಾಗೆ ಹಿಡಿದು, ಒಂದೇ ದಿಕ್ಕಿಗೆ ಮೆಲ್ಲಗೆ ಬಾಚಿದೆ. ಗಟ್ಟಿ ಮಣ್ಣನ್ನು ಬಿದಿರಿನ ಕಡ್ಡಿಯಲ್ಲಿ ಪುಡಿ ಮಾಡಿ ತೆಗೆದೆ. ಲೋಹದ್ದು ಏನನ್ನೂ ಒಳಗೆ ಹಾಕಲಿಲ್ಲ. ಕೊನೆಗೆ ಬ್ರಶ್ಶಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಒರೆಸಿ, ಅರ್ಧ ಗಂಟೆ ಒಣಗಲು ಬಿಟ್ಟೆ. ಮಾಷ್ಟ್ರು ಅಷ್ಟರಲ್ಲಿ ಕ್ಲಾಸ್ ಮುಗಿಸಿ ಬಂದರು.

ಈ ಸಲ 20 ಜಿಬಿ ಬಂತು.

ಡಿಎಂಐಡಿಕೋಡ್ ಪಟ್ಟಿಯಲ್ಲಿ ವೇಗ ಮಾತ್ರ 1066 ಅಂತ ಇತ್ತು. ಮಾಷ್ಟ್ರು ಲೇಬಲ್ ಓದಲು ಕಲಿತಿದ್ದರು. "1333 ಅಂತ ದುಡ್ಡು ಕೊಟ್ಟದ್ದಲ್ವಾ? ನಮಗೆ ಮೋಸ ಆಯ್ತಾ?" ಇಲ್ಲ. ಇ5620 ಪ್ರೊಸೆಸರ್ ಓಡಿಸುವುದೇ 1066ರ ತನಕ. ವೇಗದ ರ‍್ಯಾಮ್ ಹಾಕಿದರೂ ಅದು ತನ್ನ ಮಿತಿಗೆ ಇಳಿಸಿಕೊಳ್ಳುತ್ತದೆ. ಇಳಿಯುವುದರಿಂದ ಹಾನಿ ಇಲ್ಲ. ಮಕ್ಕಳ ಕೆಲಸಕ್ಕೆ ಬೇಕಾಗಿದ್ದದ್ದು ಜಾಗ, ವೇಗ ಅಲ್ಲ.

ರಾತ್ರಿ ಪೂರ್ತಿ ಮೆಮೊರಿ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86+ ಓಡಲು ಬಿಟ್ಟೆವು. ಬೆಳಿಗ್ಗೆ ತಪ್ಪು ಸೊನ್ನೆ. ಆದರೆ ಇಸಿಸಿ ರ‍್ಯಾಮಿನಲ್ಲಿ ಈ ಸೊನ್ನೆಯನ್ನು ಪೂರ್ತಿ ನಂಬಬಾರದು. ಇಸಿಸಿ 64 ಬಿಟ್‌ಗೆ 8 ಬಿಟ್ ಜಾಸ್ತಿ ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಾನೇ ಸರಿ ಮಾಡಿ ಕೊಡುತ್ತದೆ. ಸರಿ ಮಾಡಿ ಕೊಟ್ಟ ಮೇಲೆ ಮೆಮ್‌ಟೆಸ್ಟ್‌ಗೆ ಕಾಣುವುದು ಸರಿಯಾದ ಉತ್ತರವೇ. ಒಳಗೆ ಎಷ್ಟು ಸಲ ತಿದ್ದಬೇಕಾಯಿತು ಅನ್ನುವುದು ಲಿನಕ್ಸ್‌ನ ಈಡಾಕ್ ಲೆಕ್ಕದಲ್ಲಿ ಇರುತ್ತದೆ. ಈ ಪ್ರೊಸೆಸರ್‌ಗಳಿಗೆ ಐ7ಕೋರ್ ಈಡಾಕ್ ಅನ್ನುವ ಡ್ರೈವರ್ ಇದೆ. ಅದನ್ನು ಹಾಕಿಟ್ಟು ಒಂದು ವಾರ ಬಿಟ್ಟು ನೋಡಿದೆ. ಐದು ರ‍್ಯಾಮಿನದ್ದು ಸೊನ್ನೆ. ಎ5ರ ಹಳೆ 2 ಜಿಬಿಯಲ್ಲಿ 3 ಸಲ ತಿದ್ದುಪಡಿ. ಅದನ್ನು ತೆಗೆದು, ಪಿನ್ ಒರೆಸಿ, ಪುನಃ ಗಟ್ಟಿಯಾಗಿ ಕೂರಿಸಿದೆ. ಆಮೇಲಿನ ತಿಂಗಳಲ್ಲಿ ಒಂದೂ ಏರಿಲ್ಲ. ಏರಿದರೆ ಅದನ್ನು ತೆಗೆದು, ಕಪಾಟಿನಲ್ಲಿ ಉಳಿದಿರುವ ಮೂರನೇ 2 ಜಿಬಿಯನ್ನು ಹಾಕುವುದು ಅಂತ ಮಾಷ್ಟ್ರಿಗೆ ಬರೆದು ಕೊಟ್ಟಿದ್ದೇನೆ. ಯಾವ ಸ್ಲಾಟಿನಲ್ಲಿ ಯಾವ ಲೇಬಲ್ ಅನ್ನುವ ಚೀಟಿಯನ್ನು ಸೈಡ್ ಪ್ಯಾನೆಲ್ ಒಳಬದಿಗೆ ಅಂಟಿಸಿದ್ದೇವೆ.

16 ಮಕ್ಕಳು ಒಟ್ಟಿಗೆ ಕೂತ ದಿನ ನಾನೂ ಹೋಗಿದ್ದೆ. ವಿಎಂಸ್ಟ್ಯಾಟ್‌ನ ಎರಡೂ ಕಾಲಂ ಕೊನೆಯ ತನಕ ಸೊನ್ನೆಯೇ. ಪತ್ರಿಕೆಯ ಮೊದಲ ಪುಟ ಟೈಪ್ ಮಾಡುತ್ತಿದ್ದ ಹುಡುಗಿ ಒತ್ತಕ್ಷರ ಒತ್ತಿ, ಅದು ಕೂಡಲೇ ಬಂದದ್ದು ನೋಡಿ, ಅಳಿಸಿ, ಪುನಃ ಒತ್ತಿ ನೋಡಿದಳು. ಬಿ ಬದಿಯ ಆರು ಸ್ಲಾಟ್ ಈಗಲೂ ಖಾಲಿ. ಅವುಗಳ ಬಾಯಿಗೆ ಮಕ್ಕಳು ದಪ್ಪ ಡ್ರಾಯಿಂಗ್ ಶೀಟಿನ ಪಟ್ಟಿ ಕತ್ತರಿಸಿ ಮುಚ್ಚಳ ಮಾಡಿ ಕೊಟ್ಟಿದ್ದಾರೆ, ಮುಂದಿನ ಮಳೆಗಾಲಕ್ಕೆ.